ಎಡಗಡೆಗೊಂದು ಗೋಡೆ

“ಲೋ, ಮೆಟ್ಲು ಹತ್ಕೊಂಡ್ ಬತ್ತಾವ್ನೆ ಕಣೋ, ಕೇಳಿಸ್ತಿಲ್ವೇನೋ ನಿಂಗೆ?”

2018ರ ಮಳೆಗಾಲ, ತುಮಕೂರಿನ ಕ್ಯಾತಸಂದ್ರದಲ್ಲಿ ಮಂಜನ ಬಾಡಿಗೆ ರೂಮು. ನಾಲ್ಕು ಜನ, ನಾಲ್ಕು ಫೋನು, ಚಾರ್ಜಿಗೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸು. ಪಬ್ಜಿಯಲ್ಲಿ ಮಂಜ ಆಗಲೇ ಸತ್ತಿದ್ದ. ಸತ್ತವರಿಗೆ ಬೇರೇನು ಕೆಲಸ, ನನ್ನ ಆಟವನ್ನು ತನ್ನ ಪರದೆಯಲ್ಲಿ ನೋಡುತ್ತಾ ಬುದ್ಧಿ ಹೇಳುತ್ತಿದ್ದ. ನಾನು ಆಟದೊಳಗಿನ ಪೊಚಿಂಕಿ ಅನ್ನುವ ಊರಿನ ಒಂದು ಮನೆಯ ಮಹಡಿಯಲ್ಲಿ ಎಂ416 ಬಂದೂಕು ಹಿಡಿದು ಕಿಟಕಿ ಕಾಯುತ್ತಿದ್ದೆ. ಅವನ ಇಯರ್‌ಫೋನಿನಲ್ಲಿ ಬೂಟುಗಾಲಿನ ಸದ್ದು ಟಕಟಕ ಅಂತ ಬರುತ್ತಿತ್ತಂತೆ. ನನ್ನ ಕಿವಿಯಲ್ಲಿ ಎಲ್ಲೋ ದೂರದ ಗುಂಡಿನ ಸದ್ದು ಬಿಟ್ಟರೆ ಏನೂ ಇಲ್ಲ. ಬಂದವನು ಎಡಗಡೆಯ ಬಾಗಿಲಲ್ಲಿ ನಿಂತು, ಬಂದೂಕನ್ನೂ ಎತ್ತದೆ, ಬಾಣಲೆ ತೆಗೆದು ಬಾರಿಸಿದ. ಗುಂಡಿಗೆ ಸತ್ತರೆ ಯಾರೂ ಕೇಳುವುದಿಲ್ಲ. ಬಾಣಲೆ ಏಟಿಗೆ ಸತ್ತವನನ್ನು ಒಂದು ವಾರ ಬಿಡುವುದಿಲ್ಲ.

ಅವತ್ತು ಹೇಳಿಬಿಟ್ಟೆ. ನನಗೆ ಎಡಗಿವಿ ಕೇಳಿಸುವುದಿಲ್ಲ, ಚೂರೂ ಕೇಳಿಸುವುದಿಲ್ಲ ಅಂತ.

ಮೂವರೂ ನಗಲಿಲ್ಲ, ನಂಬಲೂ ಇಲ್ಲ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಗೊತ್ತಾಗದೇ ಇದ್ದದ್ದಕ್ಕೆ ಕಾರಣ ಸುಲಭ: ನಾನು ಯಾವತ್ತೂ ಬೆಂಚಿನ ಎಡತುದಿಗೆ, ಗೋಡೆಗೆ ಒತ್ತಿ ಕೂರುತ್ತಿದ್ದೆ. ಬಸ್ಸಿನಲ್ಲಿ ಎಡಗಡೆ ಕಿಟಕಿ ಸೀಟು. ಮದುವೆ ಊಟದ ಪಂಕ್ತಿಯಲ್ಲಿ ಎಡಗಡೆಯ ಕೊನೆಯ ಎಲೆ. ಬಿ.ಎಚ್. ರಸ್ತೆಯಲ್ಲಿ ಯಾರ ಜೊತೆ ನಡೆದರೂ ಅವರು ನನ್ನ ಬಲಕ್ಕೆ ಬರುವ ಹಾಗೆ ಜಾಗ ಬದಲಾಯಿಸುತ್ತೇನೆ, ಅವರಿಗೆ ತಿಳಿಯುವುದೂ ಇಲ್ಲ. ಕೇಳದ ಕಡೆಗೆ ಗೋಡೆ ಇಟ್ಟುಕೊಂಡರೆ ಆ ಕಡೆಯಿಂದ ಯಾರೂ ಮಾತಾಡಿಸುವುದಿಲ್ಲ. ಇಷ್ಟನ್ನು ನಾನು ಯೋಚಿಸಿ ಕಲಿತದ್ದಲ್ಲ. ಏಳನೇ ವಯಸ್ಸಿನಿಂದ ಮೈಗೆ ತಾನಾಗಿ ಹತ್ತಿದ್ದು.

ಏಳನೇ ವಯಸ್ಸಿನಲ್ಲಿ ನನಗೆ ಮಂಗನಬಾವು ಬಂದಿತ್ತು. ಎರಡೂ ಕೆನ್ನೆ ಊದಿ, ಅಜ್ಜಿ ಏನೋ ಪಟ್ಟು ಹಾಕಿ, ವಾರದಲ್ಲಿ ಇಳಿದೂ ಹೋಯಿತು. ಹೋಗುವಾಗ ಎಡಗಿವಿಯ ಒಳಗಿನ ನರವನ್ನೂ ತೆಗೆದುಕೊಂಡು ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಒಂದು ಕಿವಿ ಸರಿಯಿದ್ದರೆ ಮಗು ಮಾತು ಕಲಿಯುತ್ತದೆ, ಪಾಠ ಓದುತ್ತದೆ, ಕರೆದರೆ ‘ಆಂ’ ಅನ್ನುತ್ತದೆ. ತಿರುಗುವುದು ಮಾತ್ರ ಉಲ್ಟಾ ಕಡೆಗೆ. ಅದನ್ನು ಮೇಷ್ಟ್ರು ‘ಗಮನ ಎಲ್ಲೋ ಇರುತ್ತೆ’ ಅಂತ ಬರೆದರು. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಮಾವನ ಜೊತೆ ಫೋನಿನಲ್ಲಿ ಮಾತಾಡುತ್ತಾ ರಿಸೀವರನ್ನು ಬಲದಿಂದ ಎಡಕ್ಕೆ ಬದಲಾಯಿಸಿದೆ. “ಅಮ್ಮಾ, ಲೈನ್ ಕಟ್ ಆಯ್ತು” ಅಂದೆ. ಅಮ್ಮ ತೆಗೆದುಕೊಂಡರೆ ಮಾವ ಇನ್ನೂ ಮಾತಾಡುತ್ತಲೇ ಇದ್ದರು. ಹಾಗೆ ಗೊತ್ತಾಯಿತು.

ಮಂಜನ ರೂಮಿಗೆ ವಾಪಸ್ ಬರೋಣ. ನಂಬಿದ ಮೇಲೆ ಇರ್ಫಾನ್ ಕೇಳಿದ ಮೊದಲ ಪ್ರಶ್ನೆ: “ಹಂಗಾದ್ರೆ ನಿನ್ ಇಯರ್‌ಫೋನ್‌ನಲ್ಲಿ ಎಡಗಡೇದು ವೇಸ್ಟಾ?” ವೇಸ್ಟೇ. ನನ್ನ ಮೇಜಿನ ಡ್ರಾಯರಿನಲ್ಲಿ ಬಲಗಡೆ ಸತ್ತು, ಎಡಗಡೆ ಹೊಸದರ ಹಾಗೇ ಇರುವ ನಾಲ್ಕೈದು ಇಯರ್‌ಫೋನುಗಳಿದ್ದವು. ಆವತ್ತಿನಿಂದ ಒಂದು ವ್ಯಾಪಾರ ಶುರುವಾಯಿತು. ಕಾಲೇಜಿನಲ್ಲಿ ಯಾರದ್ದೇ ಇಯರ್‌ಫೋನಿನ ಎಡಗಡೆ ಕೆಟ್ಟರೂ ನನಗೆ ಸುದ್ದಿ ಬರುತ್ತಿತ್ತು. ಐವತ್ತು ರೂಪಾಯಿಗೆ ಕೊಳ್ಳುತ್ತಿದ್ದೆ. ಬಲಗಡೆ ಕೆಟ್ಟದ್ದನ್ನು ತಂದವರನ್ನು ವಾಪಸ್ ಕಳಿಸುತ್ತಿದ್ದೆ, ನಾನೇನು ಗುಜರಿಯವನಲ್ಲ ಅಂತ.

ಈಗ ಆಟದ ವಿಷಯ. ಒಂದು ಕಿವಿ ಇಲ್ಲದವನಿಗೆ ಸದ್ದು ಕಡಿಮೆ ಕೇಳಿಸುತ್ತದೆ ಅಂದುಕೊಳ್ಳುತ್ತಾರೆ ಜನ. ಶಾಂತವಾದ ಕೋಣೆಯಲ್ಲಿ ನನಗೆ ಎಲ್ಲರಷ್ಟೇ ಕೇಳಿಸುತ್ತದೆ. ಕಳೆದುಹೋಗಿರುವುದು ದಿಕ್ಕು. ನಮ್ಮ ಊರಿನ ಹೆಸರು ತುಂಬೆ ಹೂವಿನಿಂದ ಬಂತು ಅನ್ನುವವರಿದ್ದಾರೆ, ತಮಟೆಯಿಂದ ಬಂತು ಅನ್ನುವವರೂ ಇದ್ದಾರೆ. ನಾನು ತುಂಬೆಯ ಪಕ್ಷ. ಬೀದಿಯಲ್ಲಿ ತಮಟೆ ಬಡಿದರೆ ಮೆರವಣಿಗೆ ಟೌನ್‌ಹಾಲ್ ಕಡೆಯಿಂದ ಬರುತ್ತಿದೆಯೋ ಗುಬ್ಬಿ ಗೇಟ್ ಕಡೆಯಿಂದಲೋ ಅಂತ ಇವತ್ತಿಗೂ ಬೇರೆಯವರ ಮುಖ ನೋಡಿಯೇ ತಿಳಿದುಕೊಳ್ಳುವವನು ನಾನು. ಮನೆಯಲ್ಲಿ “ಅಮ್ಮಾ, ಎಲ್ಲಿದ್ದೀಯ?” ಅಂತ ಕೂಗಿದರೆ “ಇಲ್ಲೇ” ಅಂತ ಉತ್ತರ ಬರುತ್ತದೆ. ಕನ್ನಡದಲ್ಲಿ ನನಗೆ ‘ಇಲ್ಲೇ’ಯಷ್ಟು ನಿರುಪಯೋಗಿ ಪದ ಇನ್ನೊಂದಿಲ್ಲ. ಇಲ್ಲೇ ಅಂದರೆ ಎಲ್ಲೇ?

ಇದರ ಒಳಗುಟ್ಟು ತಿಳಿದದ್ದು 2019ರಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದಾಗ. ನಿಜ ಹೇಳಬೇಕೆಂದರೆ ಹೋದದ್ದೇ ಪಬ್ಜಿಗಾಗಿ. ಮನೆಯಲ್ಲಿ ‘ಕೆಲಸದ ಇಂಟರ್‌ವ್ಯೂಗೆ ಮುಂಚೆ ಒಂದ್ಸಲ ತೋರಿಸಿಬಿಡ್ತೀನಿ’ ಅಂತ ಹೇಳಿ, ಕುಣಿಗಲ್ ಮೇಲೆ ಬಸ್ಸು ಹಿಡಿದೆ, ಎಡಗಡೆ ಕಿಟಕಿ ಸೀಟು.

ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಕುಂಯ್ ಅಂದರೆ ಒತ್ತಬೇಕು. 250 ಹರ್ಟ್ಸ್‌ನ ದಪ್ಪ ದನಿಯಿಂದ 8,000 ಹರ್ಟ್ಸ್‌ನ ಚೂಪು ದನಿಯವರೆಗೆ ಒಂದೊಂದಾಗಿ ಬಂದವು. ಬಲಗಿವಿಯಲ್ಲಿ ಪಟಪಟ ಒತ್ತಿದೆ. ಎಡಗಿವಿಯ ಸರದಿ ಬಂದಾಗ ಬಲಗಿವಿಯೊಳಗೆ ಶ್... ಅಂತ ಮಳೆ ಸುರಿದಂಥ ಸದ್ದು ಬಿಟ್ಟರು. ಎಡಕ್ಕೆ ಜೋರಾಗಿ ಕೊಟ್ಟ ಸದ್ದು ತಲೆಬುರುಡೆ ದಾಟಿ ಬಲಗಿವಿಗೆ ತಲುಪಿಬಿಡುತ್ತದೆ, ಒಳ್ಳೆ ಕಿವಿ ಸತ್ತ ಕಿವಿಯ ಪರೀಕ್ಷೆ ಬರೆಯುತ್ತದೆ, ಅದನ್ನು ತಡೆಯಲು ಆ ಮಳೆಯಂತೆ. ನಕಲು ಹೊಡೆಯದ ಹಾಗೆ ಮೇಲ್ವಿಚಾರಕರನ್ನು ನಿಲ್ಲಿಸಿದಂತೆ. ಮಳೆ ಸುರಿಯುತ್ತಲೇ ಇತ್ತು, ನಾನು ಬಟನ್ ಹಿಡಿದು ಕೂತೇ ಇದ್ದೆ. ಕೊನೆಗೆ ಹೊರಬಂದ ಹಾಳೆಯಲ್ಲಿ ಬಲಗಿವಿಯ ಕೆಂಪು ಸೊನ್ನೆಗಳು ಮೇಲ್ಗಡೆ ಸಾಲಾಗಿ ನಿಂತಿದ್ದವು. ಎಡಗಿವಿಯ ನೀಲಿ ಗುರುತುಗಳು ತಳದಲ್ಲಿ ಬಿದ್ದಿದ್ದವು, ಒಂದೊಂದಕ್ಕೂ ಕೆಳಮುಖದ ಬಾಣ. ಯಂತ್ರದಲ್ಲಿರುವಷ್ಟು ಜೋರು ಮಾಡಿದರೂ ಉತ್ತರವಿಲ್ಲ ಅಂತ ಆ ಬಾಣದ ಅರ್ಥ.

ಪರೀಕ್ಷೆ ಮಾಡಿದ ಮೇಡಂ ಕಣ್ಣು ಮುಚ್ಚಲು ಹೇಳಿ ನನ್ನ ಸುತ್ತ ಚಿಟಿಕೆ ಹೊಡೆದರು. ಎಲ್ಲಿ ಅಂತ ಬೆರಳು ತೋರಿಸಬೇಕು. ಹತ್ತು ಸಲ ಹೊಡೆದರು. ಹತ್ತು ಸಲವೂ ಬಲಕ್ಕೆ ತೋರಿಸಿದ್ದೇನೆ. ಆಮೇಲೆ ಹೇಳಿದರು: ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು ತಲುಪಿ ಬಲಗಿವಿಗೆ ಒಂದಿಷ್ಟು ತಡವಾಗಿ ತಲುಪುತ್ತದೆ. ಆ ತಡ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಕ್ಕಾಲು ಪಾಲೂ ಇಲ್ಲ. ಅಷ್ಟನ್ನೇ ಮಿದುಳು ಅಳೆಯುತ್ತದೆ. ಅದರ ಜೊತೆಗೆ ತಲೆಯ ನೆರಳು. ದಪ್ಪ ದನಿ ತಲೆಯನ್ನು ಬಳಸಿಕೊಂಡು ಆಚೆ ಬರುತ್ತದೆ, ಚೂಪು ದನಿ ತಲೆಗೆ ಬಡಿದು ಅಲ್ಲೇ ಕುಗ್ಗುತ್ತದೆ. ಹಾಗಾಗಿ ದೂರದ ಕಿವಿಗೆ ಅದೇ ಸದ್ದು ಸ್ವಲ್ಪ ಮಂಕಾಗಿ ಕೇಳಿಸುತ್ತದೆ. ತಡ ಎಷ್ಟು, ಮಂಕು ಎಷ್ಟು ಅಂತ ಎರಡು ಕಿವಿ ಹೋಲಿಸಿ ನೋಡಿದರೆ ದಿಕ್ಕು. ಹೋಲಿಸಲು ಎರಡನೆಯದೇ ಇಲ್ಲದಿದ್ದರೆ ಎಲ್ಲ ಸದ್ದೂ ಇರುವ ಕಿವಿಯ ಕಡೆಯಿಂದಲೇ. “ತಲೆಯ ನೆರಳು” ಅನ್ನುವ ಮಾತನ್ನು ನಾನು ಬಸ್ಸಿನಲ್ಲಿ ವಾಪಸ್ ಬರುವಾಗಲೂ ಬಾಯಲ್ಲಿ ಇಟ್ಟುಕೊಂಡಿದ್ದೆ. ಎರಡು ವರ್ಷದ ನಂತರ ಅದು ಕೆಲಸಕ್ಕೆ ಬಂತು, ಹೇಳುತ್ತೇನೆ.

ಸಾಧಾರಣ ಶ್ರವಣಯಂತ್ರ ಸತ್ತ ನರಕ್ಕೆ ಉಪಯೋಗವಿಲ್ಲ. ಎಡಗಿವಿಯ ಹತ್ತಿರ ಮೈಕು, ಅಲ್ಲಿನ ಸದ್ದನ್ನು ಬಲಗಿವಿಗೆ ಕಳಿಸುವ ಜೋಡಿ ಯಂತ್ರ ಒಂದಿದೆ, ಕ್ರಾಸ್ ಅನ್ನುತ್ತಾರೆ. ಎಡಗಡೆ ಕೂತವರ ಮಾತು ಕೇಳಿಸಲು ಅದು ಒಳ್ಳೆಯದು, ಆದರೆ ದಿಕ್ಕು ಬರುವುದಿಲ್ಲ, ಎಲ್ಲ ಸೇರುವುದು ಒಂದೇ ಕಿವಿಗೆ ತಾನೇ. ಬೆಲೆ ಕೇಳಿ ಎದ್ದು ಬಂದೆ. ಅಂಗವಿಕಲರ ಕಾರ್ಡು ಸಿಗಬಹುದೇನೋ ಅಂತ ಊರಿನಲ್ಲಿ ವಿಚಾರಿಸಿದೆ. 2016ರ ಕಾಯ್ದೆಯಲ್ಲಿ ಕಿವುಡುತನ ಅಂದರೆ ‘ಎರಡೂ ಕಿವಿಗಳಲ್ಲಿ’ ಇಷ್ಟು ಡೆಸಿಬೆಲ್ ಅಂತಲೇ ಇದೆ. ಸರ್ಕಾರದ ಲೆಕ್ಕದಲ್ಲಿ ನಾನು ಸರಿಯಾಗಿದ್ದೇನೆ, ಪೊಚಿಂಕಿಯಲ್ಲಿ ಮಾತ್ರ ಕಿವುಡ.

ಹೊರಡುವಾಗ ಮೇಡಂ ಇನ್ನೊಂದು ಮಾತು ಕೇಳಿದರು: “ಫೋನಿನಲ್ಲಿ ಮೋನೋ ಆನ್ ಮಾಡಿದ್ದೀರಾ?” ನಾನು ಪಿಳಿಪಿಳಿ ನೋಡಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಆಕ್ಸೆಸಿಬಿಲಿಟಿ ಅನ್ನುವ ಸೆಟ್ಟಿಂಗ್ ಒಳಗೆ ‘ಮೋನೋ ಆಡಿಯೋ’ ಅಂತ ಒಂದು ಗುಂಡಿ ಇದೆ. ಐಫೋನಿನಲ್ಲೂ ಇದೆ, ವಿಂಡೋಸ್‌ನಲ್ಲೂ ಇದೆ. ಒತ್ತಿದರೆ ಎಡ ಬಲ ಎರಡೂ ಸೇರಿ ಎರಡೂ ಕಡೆಗೆ ಒಂದೇ ಸದ್ದು ಬರುತ್ತದೆ. ಹದಿನೈದು ಸೆಕೆಂಡಿನ ಕೆಲಸ. ಅದು ಗೊತ್ತಿಲ್ಲದೆ ಒಂದು ವರ್ಷ ಅರ್ಧ ಆಟ ಆಡಿದ್ದೆ. ಆಟ ಏಕೆ, ಅರ್ಧ ಹಾಡುಗಳನ್ನೂ ಕೇಳಿದ್ದೆ. ಮೈಸೂರು ಬಸ್‌ಸ್ಟ್ಯಾಂಡಿನಲ್ಲೇ ಕೂತು ಆನ್ ಮಾಡಿ ಒಂದು ಹಳೆ ಹಾಡು ಹಾಕಿದೆ. ಅದರಲ್ಲಿ ಕೊಳಲಿತ್ತು! ಇಷ್ಟು ವರ್ಷ ಎಡಗಡೆಯ ಇಯರ್‌ಫೋನಿನೊಳಗೆ ಯಾರಿಗೂ ಕೇಳಿಸದೆ ಊದುತ್ತಾ ಕೂತಿದ್ದ ಕೊಳಲು.

ಮೋನೋ ಹಾಕಿ ಆಡಿದ ಮೊದಲ ದಿನ ನಾನು ಇನ್ನೂ ಬೇಗ ಸತ್ತೆ. ಇದನ್ನು ಯಾರೂ ಹೇಳಿರಲಿಲ್ಲ. ಮೊದಲು ಎಡಗಡೆಯವರು ಕೇಳಿಸುತ್ತಿರಲಿಲ್ಲ, ಬಲಗಡೆಯವರಾದರೂ ಬಲಗಡೆಯವರು ಅಂತ ಗೊತ್ತಾಗುತ್ತಿತ್ತು. ಈಗ ನಾಲ್ಕೂ ಕಡೆಯವರು ನನ್ನ ಬಲಗಿವಿಯೊಳಗೇ ನಡೆಯುತ್ತಿದ್ದರು. ಯಾರೋ ಹತ್ತಿರ ಇದ್ದಾರೆ, ಬಂದೇಬಿಟ್ಟರು, ಎಲ್ಲಿ ಅಂತ ಗೊತ್ತಿಲ್ಲ. ಬುಗುರಿಯ ಹಾಗೆ ತಿರುಗುತ್ತಿದ್ದೆ. ಇರ್ಫಾನ್ ಅದಕ್ಕೆ ‘ಗಾಳಿ ಹಿಡ್ದವ್ನ್ ಥರ ಆಡ್ತಾನೆ’ ಅಂತಿದ್ದ.

ಕಣ್ಣು ಕಲಿಯಬೇಕಾಯಿತು. ಪಬ್ಜಿ ಮೊಬೈಲಿನ ಮೂಲೆಯ ಪುಟ್ಟ ನಕ್ಷೆಯಲ್ಲಿ ಹತ್ತಿರ ಯಾರಾದರೂ ನಡೆದರೆ ಹೆಜ್ಜೆ ಗುರುತು, ಗುಂಡು ಹೊಡೆದರೆ ಗುಂಡಿನ ಗುರುತು ಮಿಣುಕುತ್ತದೆ. ಎರಡು ಕಿವಿ ಇರುವವರು ಅದನ್ನು ಆಗೊಮ್ಮೆ ಈಗೊಮ್ಮೆ ನೋಡುತ್ತಾರೆ. ನಾನು ಬೈಕಿನ ಕನ್ನಡಿ ನೋಡುವ ಹಾಗೆ ಎರಡೆರಡು ಸೆಕೆಂಡಿಗೆ ನೋಡುವುದನ್ನು ಅಭ್ಯಾಸ ಮಾಡಿದೆ. ಕಿವಿಗೆ ಒಂದೇ ಕೆಲಸ: ‘ನಕ್ಷೆ ನೋಡು’ ಅಂತ ಎಚ್ಚರಿಸುವುದು. ಎಲ್ಲಿ ಅನ್ನುವುದು ಕಣ್ಣಿನ ಪಾಲಿಗೆ. ಮೇಲಿನ ಮಹಡಿಯೋ ಕೆಳಗಿನದೋ ಅನ್ನುವ ಗೊಂದಲ ಮಾತ್ರ ಉಳಿಯಿತು. ಆದರೆ ಅದರಲ್ಲಿ ಎರಡು ಕಿವಿಯವರೂ ನನ್ನ ಜೊತೆಗೇ ಜಗಳವಾಡುವುದನ್ನು ಕಂಡು ಸಮಾಧಾನವಾಯಿತು.

ಅದಕ್ಕಿಂತ ಕಷ್ಟವಾದದ್ದು ಗೆಳೆಯರ ಬಾಯಿ ತಿದ್ದುವುದು. ನಮ್ಮ ಹುಡುಗರು ಶತ್ರು ಕಂಡರೆ ಹೇಳುವುದು ಎರಡೇ ಮಾತು. “ಇಲ್ಲವ್ನೆ ಇಲ್ಲವ್ನೆ!” ಮತ್ತು “ಅಲ್ಲಿ ಕಣ್ಲಾ ಅಲ್ಲಿ!” ಪರದೆಯ ಮೇಲ್ಗಡೆ ದಿಕ್ಸೂಚಿ ಪಟ್ಟಿ ಇದೆ, ಅದರಲ್ಲಿ ಸೊನ್ನೆಯಿಂದ 360ರವರೆಗೆ ಡಿಗ್ರಿ ಇದೆ, ನಂಬರ್ ಹೇಳ್ರೋ ಅಂತ ಕೈಮುಗಿದೆ. ತೇಜು ಮೊದಲ ವಾರ “ಎಸ್‌ಎಸ್‌ಪುರಂ ಕಡೆ ಅವ್ನೆ” ಅಂತ ಚೇಷ್ಟೆ ಮಾಡಿದ. ಎರಡನೇ ವಾರ ಮಂಜ ಒಂದು ನಿಯಮ ತಂದ: ‘ಇಲ್ಲೇ’ ಅಂದವನು ಮಾರನೆಯ ಬೆಳಗ್ಗೆ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು. ಕ್ಯಾತಸಂದ್ರದಲ್ಲಿ ಇದ್ದುಕೊಂಡು ತಟ್ಟೆ ಇಡ್ಲಿ ಪಣಕ್ಕೆ ಇಡುವುದು ಗಂಭೀರ ವಿಷಯ. ಹದಿನೈದು ದಿನದಲ್ಲಿ “ಇನ್ನೂರ ಹತ್ತು, ಮರದ ಹಿಂದೆ” ಅಂತ ನಾಲಿಗೆ ತಿರುಗಿತು. ವಿಚಿತ್ರ ಅಂದರೆ ನನಗೊಬ್ಬನಿಗೆ ಮಾಡಿದ ಈ ಏರ್ಪಾಡಿನಿಂದ ನಾಲ್ವರೂ ಹೆಚ್ಚು ಗೆಲ್ಲತೊಡಗಿದೆವು. ಚಿಕನ್ ಡಿನ್ನರ್, ಅಂದರೆ ಆಟದಲ್ಲಿ ಗೆಲುವು, ಸಿಕ್ಕ ರಾತ್ರಿಗಳಲ್ಲಿ ಮಂಜ ಅದನ್ನು ತನ್ನ ಇಡ್ಲಿ ಕಾನೂನಿನ ಫಲ ಅಂತಲೇ ಹೇಳಿಕೊಂಡ.

2020ರ ಸೆಪ್ಟೆಂಬರ್ 2ಕ್ಕೆ ಪಬ್ಜಿ ಬ್ಯಾನ್ ಆಯಿತು. ಅದು ಬಿಜಿಎಂಐ ಅನ್ನುವ ಹೆಸರಿನಲ್ಲಿ 2021ರ ಜುಲೈನಲ್ಲಿ ವಾಪಸ್ ಬರುವ ಹೊತ್ತಿಗೆ ನಾವು ಚದುರಿಹೋಗಿದ್ದೆವು. ನಾನು ಮದುವೆ ಆಲ್ಬಂ ಡಿಸೈನ್ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಗ್ರಾಫಿಕ್ ಕಾರ್ಡ್ ಇರುವ ಕಂಪ್ಯೂಟರ್. ರಾತ್ರಿ ಒಂಬತ್ತರ ನಂತರ ಶಟರ್ ಅರ್ಧ ಎಳೆದು, ಓನರ್ ಒಪ್ಪಿಗೆಯ ಮೇಲೆಯೇ, ವ್ಯಾಲರಂಟ್ ಅನ್ನುವ ಗುಂಡಿನ ಆಟ.

ಇಲ್ಲಿ ನನ್ನ ವಿದ್ಯೆಯೆಲ್ಲ ನೀರುಪಾಲು. ವ್ಯಾಲರಂಟ್‌ನ ನಕ್ಷೆಯಲ್ಲಿ ಶತ್ರುವಿನ ಹೆಜ್ಜೆ ಗುರುತು ಬರುವುದಿಲ್ಲ. ನೀನು ಓಡಿದರೆ ನಿನ್ನ ಸದ್ದು ಎಷ್ಟು ದೂರ ಕೇಳುತ್ತದೆ ಅಂತ ಒಂದು ವೃತ್ತ ಬರುತ್ತದೆ, ಅಷ್ಟೇ. ಐದು ಜನಕ್ಕೆ ಐದು ಜನ, ಇಕ್ಕಟ್ಟಿನ ಓಣಿಗಳು, ಯಾರು ಯಾವ ಕಡೆಯಿಂದ ಬರುತ್ತಾರೆ ಅನ್ನುವುದನ್ನು ಕಿವಿಯೇ ಹೇಳಬೇಕು. ಮೋನೋ ಹಾಕಿದರೆ ಹುಚ್ಚನಾಗುತ್ತಿದ್ದೆ. ತೆಗೆದರೆ ಎಡಗಡೆಯವರು ಕಾಣೆ.

ಒಂದು ರಾತ್ರಿ ಮೋನೋ ತೆಗೆದು ಆಡುತ್ತಿರುವಾಗ ಒಂದು ಹೊಳೆಯಿತು. ಚಿಕ್ಕವನಿದ್ದಾಗ ತಾರಸಿ ಮೇಲಿನ ಟಿವಿ ಆಂಟೆನಾ ತಿರುಗಿಸುವುದು ನನ್ನ ಕೆಲಸ. ಕೆಳಗಿನಿಂದ ಅಪ್ಪ “ಬಂತು... ಬಂತು... ಹೋಯ್ತು, ಸ್ವಲ್ಪ ಹಿಂದಕ್ಕೆ” ಅಂತ ಕೂಗುತ್ತಿದ್ದರು. ಬಲಗಿವಿಯೊಂದೇ ಇದ್ದರೆ ಅದೂ ಒಂದು ಆಂಟೆನಾ ತಾನೇ? ಮಂಜನನ್ನು ಅವನ ಮನೆಯ ಕಂಪ್ಯೂಟರಿನಿಂದ ಖಾಲಿ ಕಸ್ಟಮ್ ಗೇಮಿಗೆ ಕರೆದೆ. ಅಸೆಂಟ್ ಮ್ಯಾಪಿನಲ್ಲಿ ಅವನು ಸುಮ್ಮನೆ ಒಂದು ಜಾಗದಲ್ಲಿ ಹೆಜ್ಜೆ ಹಾಕುತ್ತಾ ಇರಬೇಕು, ನಾನು ಕಣ್ಣು ಮುಚ್ಚಿ ಮೌಸ್ ತಿರುಗಿಸುತ್ತೇನೆ. ಸದ್ದು ಅತಿ ಜೋರಾದ ಕ್ಷಣದಲ್ಲಿ ಅವನು ನನ್ನ ಬಲಭುಜಕ್ಕೆ ನೇರ. ಅಲ್ಲಿಂದ ಕಾಲು ಸುತ್ತು ಬಲಕ್ಕೆ ತಿರುಗಿದರೆ ಎದುರಿಗೆ. ಮುಂದೋ ಹಿಂದೋ ಅನುಮಾನ ಬಂದರೆ ಚೂರು ಬಲಕ್ಕೆ ತಿರುಗಬೇಕು. ಸದ್ದು ಕುಗ್ಗಿದರೆ ಮುಂದಿದ್ದಾನೆ, ಹಿಗ್ಗಿದರೆ ಹಿಂದಿದ್ದಾನೆ. ಮೊದಲ ದಿನ ಹತ್ತಕ್ಕೆ ಮೂರು ಸರಿ. ಹತ್ತು ದಿನದಲ್ಲಿ ಎಂಟು. ಮಂಜ “ಇದ್ಯಾವ್ ಕರ್ಮ, ನಾನೇನ್ ಗಾಣದ್ ಎತ್ತಾ?” ಅಂತ ಬೈಯುತ್ತಾ ರಾತ್ರಿ ರಾತ್ರಿ ನಡೆದ. ಅವನ ಋಣ ದೊಡ್ಡದು.

ಆದರೆ ಆಂಟೆನಾ ತಿರುಗಿಸುವಷ್ಟು ಹೊತ್ತು ಎದುರಾಳಿ ಕಾಯುವುದಿಲ್ಲ. ಅರ್ಧ ಸೆಕೆಂಡು ತಡವಾದರೂ ತಲೆಗೆ ಗುಂಡು. ಆಗಲೇ ಮೈಸೂರಿನ ಮೇಡಂ ಹೇಳಿದ ‘ತಲೆಯ ನೆರಳು’ ನೆನಪಾದದ್ದು. ಎಡಗಡೆಯ ಸದ್ದು ಬಲಗಿವಿಗೆ ಬರಲಿ, ಆದರೆ ಮಂಕಾಗಿ ಬರಲಿ. ಹಾಗೆ ಬಂದರೆ ಮಂಕು ಅಂದರೆ ಎಡ, ಚೂಪು ಅಂದರೆ ಬಲ ಅಂತ ಒಂದೇ ಕಿವಿ ವಿಂಗಡಿಸಿಕೊಳ್ಳಬಹುದಲ್ಲ? ವ್ಯಾಲರಂಟ್‌ನ ಆಡಿಯೋ ಸೆಟ್ಟಿಂಗಿನಲ್ಲಿ ಎಚ್‌ಆರ್‌ಟಿಎಫ್ ಅನ್ನುವ ಆಯ್ಕೆ ಇದೆ. ಅದು ಮಾಡುವುದೂ ಇದನ್ನೇ, ಲೆಕ್ಕಾಚಾರದಲ್ಲಿ ಒಂದು ತಲೆಯ ನೆರಳು ಹಾಕಿ ಎರಡೂ ಕಿವಿಗೆ ಸದ್ದು ಹಂಚುವುದು. ಆನ್ ಮಾಡಿದೆ. ವ್ಯತ್ಯಾಸ ಇತ್ತು, ಆದರೆ ಒಂಟಿ ಕಿವಿಗೆ ಬಹಳ ನಯ. ನನಗೆ ಬೇಕಾಗಿದ್ದು ಒರಟು ವ್ಯತ್ಯಾಸ.

ಹುಡುಕಾಡಿದಾಗ ಸಿಕ್ಕಿದ್ದು ಈಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್. ವಿಂಡೋಸ್‌ನಿಂದ ಹೊರಗೆ ಹೋಗುವ ಪ್ರತಿ ಸದ್ದನ್ನೂ ಅದು ನಾವು ಹೇಳಿದ ಹಾಗೆ ಕತ್ತರಿಸಿ ಜೋಡಿಸುತ್ತದೆ. ನಾನು ಬರೆದ ಅಡುಗೆ ಹೀಗಿತ್ತು: ಎಡ ಚಾನೆಲ್ ತೆಗೆದುಕೋ, 1,500 ಹರ್ಟ್ಸ್‌ಗಿಂತ ಮೇಲಿನ ಚೂಪನ್ನು ಕತ್ತರಿಸು, ಉಳಿದದ್ದನ್ನು ಕೊಂಚ ತಗ್ಗಿಸಿ ಬಲ ಚಾನೆಲ್‌ಗೆ ಸೇರಿಸು. ಬಲ ಚಾನೆಲ್ಲನ್ನು ಮುಟ್ಟಬೇಡ. ನಾಲ್ಕೇ ಸಾಲು. ಆನ್ ಮಾಡಿದಾಗ ಎಡಗಡೆಯವರೆಲ್ಲ ಕಂಬಳಿ ಹೊದ್ದುಕೊಂಡು ನಡೆದರು: ದುಬ್, ದುಬ್. ಬಲಗಡೆಯವರು ಬೂಟು ಹಾಕಿಕೊಂಡೇ ನಡೆದರು: ಟಕ್, ಟಕ್. ಮೊದಲ ದಿನಗಳಲ್ಲಿ ‘ದುಬ್ ಅಂದರೆ ಎಡ’ ಅಂತ ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳುತ್ತಿದ್ದೆ. ಮೂರನೇ ವಾರದಲ್ಲಿ ಒಂದು ರಾತ್ರಿ ನಾನು ಯೋಚಿಸುವ ಮೊದಲೇ ಕೈ ಮೌಸನ್ನು ಎಡಕ್ಕೆ ಎಳೆದಿತ್ತು. ಅಲ್ಲಿ ಒಬ್ಬ ನಿಂತಿದ್ದ. ಅವನನ್ನು ಹೊಡೆಯುವುದನ್ನೂ ಮರೆತು ನೋಡುತ್ತಾ ಕೂತೆ. ಹದಿನಾರು ವರ್ಷದ ನಂತರ ಎಡಗಡೆಯಿಂದ ಒಂದು ಸದ್ದು ಬಂದಿತ್ತು. ಅವನು ನನ್ನನ್ನು ಕೊಂದ, ಅದು ಬೇರೆ ವಿಷಯ.

ಸದ್ದು ಜೋರು ಮಾಡುವುದರ ಬಗ್ಗೆ ಒಂದು ಮಾತು, ಏಕೆಂದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ. ಹೆಜ್ಜೆ ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಗುಂಡಿನ ಸದ್ದು ಅದೇ ಪ್ರಮಾಣದಲ್ಲಿ ಕಿವಿಗೆ ಬಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಎರಡಿದ್ದವರು ಒಂದನ್ನು ಕಳೆದುಕೊಂಡರೆ ನನ್ನ ಹಾಗಾಗುತ್ತಾರೆ, ನಾನು ಕಳೆದುಕೊಂಡರೆ? ವಿಂಡೋಸ್‌ನಲ್ಲಿ ‘ಲೌಡ್‌ನೆಸ್ ಈಕ್ವಲೈಜೇಷನ್’ ಅಂತ ಒಂದಿದೆ, ಕೆಲವು ಸೌಂಡ್ ಡ್ರೈವರ್‌ಗಳಲ್ಲಿ ಸಿಗುತ್ತದೆ. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ಅದುಮುತ್ತದೆ. ಅದನ್ನು ಹಾಕಿ ವಾಲ್ಯೂಮ್ ಅರ್ಧಕ್ಕೆ ಇಳಿಸಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಹೆಚ್ಚು ಗೆಲುವು ತಂದದ್ದು ಸಾಫ್ಟ್‌ವೇರ್ ಅಲ್ಲ, ಹಳೆಯ ಬೆಂಚಿನ ಬುದ್ಧಿಯೇ. ಎಲ್ಲಿ ನಿಂತರೂ ಎಡಗಡೆಗೊಂದು ಗೋಡೆ. ಓಣಿಯಲ್ಲಿ ನಡೆದರೆ ಎಡಗೋಡೆಗೆ ಒತ್ತಿ, ಕಾವಲಿಗೆ ಕೂತರೆ ಎಡಕ್ಕೆ ಮೂಲೆ. ಗೋಡೆಯೇ ಇಲ್ಲದ ಕಡೆ ಗೋಡೆ ಕಟ್ಟಿಕೊಳ್ಳಲು ಸೈಫರ್ ಅನ್ನುವ ಪಾತ್ರವನ್ನು ಹಿಡಿದೆ. ಅವನ ಹತ್ತಿರ ಸುಲಭಕ್ಕೆ ಕಾಣದ ತಂತಿಗಳಿವೆ. ಬಾಗಿಲಿಗೆ ಅಡ್ಡ ಕಟ್ಟಿಟ್ಟರೆ ದಾಟಿದವನು ಸಿಕ್ಕಿಬಿದ್ದು ಪರದೆಯಲ್ಲಿ ಕಾಣಿಸುತ್ತಾನೆ. ಒಂದು ಕ್ಯಾಮೆರಾ ಕೂಡ ಇದೆ. ಬೇರೆಯವರು ತಂತಿಯನ್ನು ಶತ್ರು ಬರುವ ದಾರಿ ಲೆಕ್ಕ ಹಾಕಿ ಕಟ್ಟುತ್ತಾರೆ. ನಾನು ಮೊದಲು ನನ್ನ ಕುರ್ಚಿ ಆರಿಸಿಕೊಂಡು, ಅದರ ಎಡಕ್ಕೆ ಯಾವ ಬಾಗಿಲು ಬೀಳುತ್ತದೋ ಅದಕ್ಕೆ ಕಟ್ಟುತ್ತೇನೆ.

2023ರಲ್ಲಿ ಊರಿನ ಒಂದು ಗೇಮಿಂಗ್ ಕೆಫೆಯಲ್ಲಿ ಸಣ್ಣ ಟೂರ್ನಮೆಂಟ್ ನಡೆಯಿತು. ಐದು ಜನರ ತಂಡ ಕಟ್ಟಿಕೊಂಡು ಹೋದೆವು. ಅಲ್ಲಿನ ಕಂಪ್ಯೂಟರಿಗೆ ಈಕ್ವಲೈಜರ್ ಹಾಕಲು ಬಿಡುವುದಿಲ್ಲ ಅಂದರು, ಅದು ಸರಿ, ಒಪ್ಪಿದೆ. ಹಾಗಾದರೆ ವಿಂಡೋಸ್‌ನ ಮೋನೋ ಆದರೂ ಹಾಕಿಕೊಳ್ಳುತ್ತೇನೆ ಅಂದೆ. “ಸೆಟ್ಟಿಂಗ್ ಮುಟ್ಟಂಗಿಲ್ಲ ಬ್ರೋ, ಚೀಟಿಂಗ್ ಆಗುತ್ತೆ.” ಕಿವಿ ಕೇಳಿಸಲ್ಲ ಅಂದೆ. ಆ ಹುಡುಗ ನನ್ನ ಮುಖ ನೋಡಿದ. “ಈಗ ನನ್ ಮಾತು ಕೇಳಿಸ್ತಲ್ಲ?” ಈ ಪ್ರಶ್ನೆಯನ್ನು ನಾನು ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಎಲ್ಲ ಕಡೆ ಕೇಳಿಸಿಕೊಂಡಿದ್ದೇನೆ. ಉತ್ತರ ಇನ್ನೂ ತಯಾರಾಗಿಲ್ಲ.

ಬೈಂಡ್ ಅನ್ನುವ ಮ್ಯಾಪ್ ಬಂತು. ನನ್ನ ಪಾಲಿಗೆ ಅದರ ಬಿ ಸೈಟ್ ಅನ್ನುವ ಜಾಗದ ಕಾವಲು. ಅಲ್ಲಿಗೆ ಬರಲು ಉದ್ದನೆಯ ಓಣಿ ಒಂದು, ಹುಕ್ಕಾ ಕೋಣೆಯ ಕಿಟಕಿ ಇನ್ನೊಂದು. ನಾನು ನಿಂತ ಕಡೆಯಿಂದ ಕಿಟಕಿ ಎಡಕ್ಕೆ, ಓಣಿ ಬಲಕ್ಕೆ. ಎಡಕ್ಕೆ ಗೋಡೆಯ ಮಾತೇ ಇಲ್ಲ. ಕಿಟಕಿಗೆ ತಂತಿ ಕಟ್ಟಿ ಬಲಗಿವಿಯನ್ನು ಓಣಿಗೆ ಬಿಟ್ಟೆ. ಎರಡು ಸುತ್ತು ನಡೆಯಿತು. ಮೂರನೆಯದರಲ್ಲಿ ಅವರು ತಂತಿಯ ಜಾಗ ಕಂಡುಹಿಡಿದು ಮೊದಲೇ ಹೊಡೆದು ಒಡೆದರು, ಕಿಟಕಿಯಿಂದ ಹಾರಿ ಬಂದರು. ಮುಂದಿನ ಸುತ್ತಿಗೂ ಅದೇ. ತೇಜು ಪಕ್ಕದಿಂದ “ಎಡಗಡೆ, ಎಡಗಡೆ” ಅಂತ ಅರಚುತ್ತಿದ್ದ, ಅವನು ಕೂತಿದ್ದೂ ನನ್ನ ಎಡಗಡೆಯೇ.

ಸುತ್ತು ಮುಗಿದ ಬಿಡುವಿನಲ್ಲಿ ನಾನು ಹೆಡ್‌ಸೆಟ್ ತೆಗೆದು, ಉಲ್ಟಾ ತಿರುಗಿಸಿ ಹಾಕಿಕೊಂಡೆ. ಎಡ ಚಾನೆಲ್ ಈಗ ಬಲಗಿವಿಗೆ. ಮೈಕಿನ ಕಡ್ಡಿ ಬೆನ್ನ ಕಡೆ ಕೊಕ್ಕರೆಯ ಕತ್ತಿನ ಹಾಗೆ ಚಾಚಿಕೊಂಡಿತು, ಅದನ್ನು ಬಗ್ಗಿಸಿ ಮುಂದಕ್ಕೆ ತಂದೆ. ಸುತ್ತಲಿನವರು ನಕ್ಕರು, ಒಬ್ಬ ಫೋನ್ ತೆಗೆದು ವೀಡಿಯೋ ಮಾಡಿದ. ತಂತಿಯನ್ನು ಓಣಿಗೆ ಕಟ್ಟಿ ಕಿವಿಯನ್ನು ಕಿಟಕಿಗೆ ಕೊಟ್ಟೆ. ಹುಕ್ಕಾ ಕೋಣೆಯೊಳಗೆ ಮೂರು ಜೊತೆ ಕಾಲು, ಒಬ್ಬ ನಿಂತ, ಇಬ್ಬರು ಕಿಟಕಿ ಹತ್ತಿರ. ಹಾರಿದ ಇಬ್ಬರನ್ನೂ ಗಾಳಿಯಲ್ಲೇ ಹೊಡೆದೆ. ಆಮೇಲೆ ಸುತ್ತು ಸುತ್ತಿಗೂ ಅವರ ಮನಸ್ಸು ಊಹಿಸಿ ಹೆಡ್‌ಸೆಟ್ ತಿರುಗಿಸುವುದೇ ಆಯಿತು. ಆ ಕೆಫೆಯ ಹುಡುಗ ನನ್ನ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದ. ಹೆಡ್‌ಸೆಟ್ ಹೇಗೆ ಹಾಕಿಕೊಳ್ಳಬೇಕು ಅನ್ನುವುದರ ಬಗ್ಗೆ ಅವನ ಹತ್ತಿರ ನಿಯಮ ಇರಲಿಲ್ಲ.

13–10ಕ್ಕೆ ಸೋತೆವು. ಸೋತದ್ದು ತನ್ನಿಂದಲ್ಲ ಅಂತ ತೇಜು, ತನ್ನಿಂದಲ್ಲ ಅಂತ ಇರ್ಫಾನ್, ವಾಪಸ್ ಬರುವಾಗ ಅಮಾನಿಕೆರೆ ಏರಿಯವರೆಗೂ ಜಗಳ.

ಈಗ ಕೆಲಸ ಜಾಸ್ತಿ, ಆಟ ಭಾನುವಾರಕ್ಕೆ ಇಳಿದಿದೆ. ಮನೆಯಲ್ಲಿ ಅಮ್ಮ ನಾನು ಹೆಡ್‌ಸೆಟ್ ಹಾಕಿಕೊಂಡು ‘ನಂಬರ್ ಹೇಳೋ, ಜಾಗ ಹೇಳೋ’ ಅಂತ ಕೂಗುವುದನ್ನು ಐದಾರು ವರ್ಷ ಕೇಳಿದ್ದಾಳೆ. ಯಾರೂ ಹೇಳಿಕೊಡಲಿಲ್ಲ, ‘ಇಲ್ಲೇ’ ಅನ್ನುವುದನ್ನು ಯಾವಾಗ ಬಿಟ್ಟಳೋ ಗೊತ್ತಿಲ್ಲ. “ಹಿತ್ಲಲ್ಲಿದ್ದೀನಿ ಕಣೋ, ಒಗೆಯೋ ಕಲ್ ಹತ್ರ” ಅನ್ನುತ್ತಾಳೆ.

ಮೊನ್ನೆ ಇರ್ಫಾನ್ ಫೋನ್ ಮಾಡಿದ್ದ. ಹೊಸ ಇಯರ್‌ಬಡ್‌ಗಳಲ್ಲಿ ಒಂದು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಹೋಯಿತಂತೆ, ಬಹಳ ಬೇಜಾರಿನಲ್ಲಿದ್ದ.

“ಯಾವ್ ಕಡೇದೋ?” ಅಂದೆ.

“ಬಲಗಡೇದು ಮಗಾ.”

“ಹಂಗಾದ್ರೆ ನಂಗ್ಯಾಕೋ ಹೇಳ್ತಿದ್ದೀಯ” ಅಂದು ಫೋನ್ ಇಟ್ಟೆ.